ವಾಲ್‌ಬ್ರೂನಿನ ಎಂಟನೇ ವೈಕೌಂಟ್

ವಾಲ್‌ಬ್ರೂನಿನ ವೈಕೌಂಟ್ ಮನೆತನದಲ್ಲಿ ಊಟಕ್ಕೆ ಮುಂಚೆ ದೇವರ ಪ್ರಾರ್ಥನೆ ಮಾಡುತ್ತಿದ್ದರೋ ಇಲ್ಲವೋ, ವಂಶಾವಳಿ ಹೇಳುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಆರನೇ ವೈಕೌಂಟ್ ಎರಾರ್ ದೊರೆಗಳು ಮೇಜಿನ ತಲೆಗೆ ಕೂತು, "ಗೊತಿಯೆಯ ಮಗ ಗೊತಿಯೆ, ಅವನ ಮಗ ಮಿಲೋಂ" ಎಂದು ಶುರುಮಾಡಿದರೆ ಸಾರು ಆರಿ ಮೇಲೆ ಕೊಬ್ಬು ಕಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ. ಮಗಳು ಒಸಾನ್‌ಗೆ ಅಪ್ಪ ಅಮ್ಮ ಅನ್ನುವುದಕ್ಕೆ ಮೊದಲೇ ಈ ಹೆಸರುಗಳು ಬಾಯಿಗೆ ಬಂದಿದ್ದವು. ಹಸಿವಾದರೆ ಕೂಸು "ಗೊತಿಯೆ, ಗೊತಿಯೆ" ಎಂದು ಅಳುತ್ತಿತ್ತಂತೆ. ಆ ಹೆಸರು ಹೇಳಿ ಮುಗಿಸದೆ ಆ ಮನೆಯಲ್ಲಿ ಯಾರಿಗೂ ರೊಟ್ಟಿ ಸಿಗದೆಂದು ಅದಕ್ಕೂ ಗೊತ್ತಾಗಿತ್ತು.

ಮೇಜಿನಲ್ಲಿ ಹೇಳುವ ವಂಶಾವಳಿ ಒಂದಾದರೆ ಅಡುಗೆಮನೆಯಲ್ಲಿ ಹೇಳುವುದು ಇನ್ನೊಂದು. ಒಸಾನ್ ಎರಡನ್ನೂ ಕಲಿತಳು. ಮೇಜಿನ ಪ್ರಕಾರ ಮೊದಲನೇ ಗೊತಿಯೆ, ತುಂಬಿದ ಹೊಳೆಯಲ್ಲಿ ಮುಳುಗುತ್ತಿದ್ದ ಕೌಂಟ್ ದೊರೆಯನ್ನು ಕುದುರೆ ಸಮೇತ ದಡಕ್ಕೆ ತಂದ ವೀರ. ಅಡುಗೆಯವಳ ಪ್ರಕಾರ ಅವನಿಗೆ ಈಜೇ ಬರುತ್ತಿರಲಿಲ್ಲ, ಜೀವಭಯದಿಂದ ದೊರೆಯ ಕುದುರೆಯ ಬಾಲ ಹಿಡಿದುಕೊಂಡಿದ್ದ, ದಡ ಸೇರಿದ ಮೇಲೆ ಹಿಂದಿನಿಂದ ನೂಕಿದವನು ನಾನೇ ಎಂದ. ಬಾಲ ಹಿಡಿದದ್ದಕ್ಕೆ ಸಿಕ್ಕ ಬಹುಮಾನವೇ ವೈಕೌಂಟ್ ಪದವಿ. ಎರಡನೆಯವನ ಅಣ್ಣ ಬಾವಿಗೆ ಬಿದ್ದು ಸತ್ತ, ಪದವಿ ತಮ್ಮನಿಗೆ ಬಂತು. ಆ ಬಾವಿಯ ಕಟ್ಟೆ ಎದೆಮಟ್ಟ ಇತ್ತೆಂಬುದನ್ನು ಮೇಜಿನಲ್ಲಿ ಯಾರೂ ಹೇಳುತ್ತಿರಲಿಲ್ಲ.

ಮೂರನೆಯವನು ಮಿಲೋಂ, ಮೇಜಿನ ಪ್ರಕಾರ ಜೆರುಸಲೇಮಿನ ಪುಣ್ಯಭೂಮಿಗೆ ಹೋಗಿ ಯುದ್ಧ ಮಾಡಿ ಬಂದವನು. ನಿಜಕ್ಕೂ ಹೋದದ್ದು ಮಾರ್ಸೇಲ್ಸ್ ಬಂದರಿನವರೆಗೆ. ಕಟ್ಟಿಹಾಕಿದ ಹಡಗಿನಲ್ಲೇ ವಾಂತಿ ಮಾಡಿಕೊಂಡು ಇಳಿದು, ಒಂದು ಹೆಂಡದಂಗಡಿಯ ಮಹಡಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕಪ್ಪಗಾಗಿ, ಸಂತರೊಬ್ಬರ ಬೆರಳಿನ ಮೂಳೆ ಹಿಡಿದು ಊರಿಗೆ ಬಂದ. ಅದನ್ನು ಬೆಳ್ಳಿಯ ಡಬ್ಬಿಯಲ್ಲಿಟ್ಟು ಚರ್ಚಿಗೆ ಕೊಟ್ಟರು, ಊರೆಲ್ಲ ಸಾಲುಗಟ್ಟಿ ಮುತ್ತಿಟ್ಟಿತು. ಅಡುಗೆಯವಳ ಮುತ್ತಜ್ಜಿ ಮಾತ್ರ ನೋಡಿದ ಕೂಡಲೇ ಬಾತುಕೋಳಿ ಕಾಲು ಅಂದಳಂತೆ. ನಾಲ್ಕನೆಯವನು ಹಾವುಮೀನಿನ ಕೊಳಕ್ಕಾಗಿ ಮಠದ ಸನ್ಯಾಸಿಗಳ ಜೊತೆ ಆಯುಷ್ಯವಿಡೀ ಜಗಳವಾಡಿ, ಗೆದ್ದ ದಿನ ಅದೇ ಮೀನನ್ನು ಕಂಠಪೂರ್ತಿ ತಿಂದು ಸತ್ತ. ಐದನೆಯವನ ಬಗ್ಗೆ ಅಡುಗೆಯವಳೂ ಬಾಯಿ ಬಿಡುತ್ತಿರಲಿಲ್ಲ, ಮಗು ಕೇಳುವಂಥದ್ದಲ್ಲ ಎಂದು ಸೌಟು ತೋರಿಸುತ್ತಿದ್ದಳು. ಇವರೆಲ್ಲ ಈಗ ಊರಿನ ಚರ್ಚಿನೊಳಗೆ ಕಲ್ಲಾಗಿ ಕೈಜೋಡಿಸಿ ಮಲಗಿದ್ದಾರೆ, ಕಾಲಬುಡದಲ್ಲಿ ಒಂದೊಂದು ಸಿಂಹ.

ಒಸಾನ್ ದೊಡ್ಡವಳಾದಾಗ ಎರಾರ್ ದೊರೆಗಳು ಲೆಕ್ಕ ಹಾಕಿದರು. ಮಗಳನ್ನು ಗಂಡಿಗೆ ಕೊಟ್ಟರೆ ಜೊತೆಗೆ ಹೊಲ ಕೊಡಬೇಕು, ದೇವರಿಗೆ ಕೊಟ್ಟರೆ ಒಂದು ಹಾಸಿಗೆ ಸಾಕು. ಸನ್ಯಾಸಿನಿಯರ ಮಠಕ್ಕೆ ಹೇಳಿ ಕಳಿಸಿದರು. ಆ ವಾರವೇ ಕೋಟೆಯ ಅಂಗಳಕ್ಕೆ ತಡಿ ಮಾಡುವ ಜೊಬೇರ್ ಬಂದ. ದೊರೆಗಳು ಕೂರುವ ಜೀನು ಮಾಡುವವರು ಬೇರೆ, ಅವರಿಗೆ ಮರ್ಯಾದೆ ಉಂಟು. ಇವನು ಹೊರೆ ಹೇರುವ ಹೇಸರಗತ್ತೆಗಳಿಗೆ ಹುಲ್ಲು ತುಂಬಿದ ತಡಿ ಹೊಲಿಯುವವನು. ಪ್ರಾಣಿಯ ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಸವರುತ್ತಾ ನಿಂತಿದ್ದ. ಒಸಾನ್ ನೋಡಿ ನಕ್ಕಳು.

"ಏನಯ್ಯಾ, ಮುದ್ದು ಮಾಡಕ್ಕೆ ಬಂದ್ಯಾ, ತಡಿ ಮಾಡಕ್ಕೆ ಬಂದ್ಯಾ?"

"ಎಲ್ಲಿ ನೋಯುತ್ತೆ ಅಂತ ಕೇಳ್ತಿದೀನಿ ಅಮ್ಮಾವ್ರೇ," ಅಂದ ಜೊಬೇರ್. "ಹೊರೋದು ಇದು. ಇದನ್ನ ಕೇಳ್ದೆ ಹೆಂಗೆ ಹೊಲೀಲಿ?"

ಆ ಕೋಟೆಯಲ್ಲಿ ಹೊರುವವರನ್ನು ಎಲ್ಲಿ ನೋಯುತ್ತದೆ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಒಸಾನ್ ಅವತ್ತು ಅವನನ್ನು ನೋಡಿದಳು, ಮಾರನೇ ದಿನವೂ ನೋಡಿದಳು, ಮಠದವರು ಬರುವ ಹೊತ್ತಿಗೆ ಅವನ ಗಾಡಿಯಲ್ಲಿ ಕೂತಿದ್ದಳು. ಪಾದ್ರಿಯೊಬ್ಬರು ಪಕ್ಕದೂರಿನಲ್ಲಿ ಮದುವೆ ಮಾಡಿಸಿದರು. ಎರಾರ್ ದೊರೆಗಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗಳು ಸತ್ತಳೆಂದು ಸಾರಿ, ಚರ್ಚಿನಲ್ಲಿ ಕರಿಬಟ್ಟೆ ಹಾಸಿ, ಅವಳ ಹೆಸರಿನಲ್ಲಿ ಸತ್ತವರ ಪೂಜೆ ಮಾಡಿಸಿಯೇಬಿಟ್ಟರು. ಗಂಟೆ ಹೊಡೆದಾಗ ಒಸಾನ್ ಚರ್ಚಿಗೆ ಎರಡು ಬೀದಿಯಾಚೆ ಹುಲ್ಲು ಕತ್ತರಿಸುತ್ತಿದ್ದಳು. "ಯಾರು ಹೋದ್ರು?" ಎಂದು ಬಣ್ಣಗಾರನ ಹೆಂಡತಿ ಪೆತ್ರೊನಿಲ್‌ಳನ್ನು ಕೇಳಿದಳು. ಪೆತ್ರೊನಿಲ್ ನೀಲಿ ಕೈಯಿಂದ ಬಾಯಿ ಮುಚ್ಚಿಕೊಂಡು, "ನೀನೇ ಕಣೇ!" ಅಂದಳು. ಇಬ್ಬರೂ ನಕ್ಕರು. ಆಮೇಲೆ ಒಸಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಅತ್ತಳು.

ಬಾಳು ಮಾತ್ರ ಚೆನ್ನಾಗಿತ್ತು. ವ್ಯಾಪಾರದ ಮೇಳಗಳಿಗೆ ಬಟ್ಟೆ, ಮೆಣಸು, ಮೇಣ ಹೊತ್ತು ಬರುವ ಹೇಸರಗತ್ತೆಗಳೆಲ್ಲ ವಾಲ್‌ಬ್ರೂನ್ ದಾಟಿಯೇ ಹೋಗಬೇಕು. ಜೊಬೇರ್‌ನ ತಡಿ ಹಾಕಿದರೆ ಬೆನ್ನು ಹುಣ್ಣಾಗುವುದಿಲ್ಲವೆಂದು ಮಾತಿತ್ತು. ಒಸಾನ್ ದಬ್ಬಣ ಹಿಡಿಯಲು ಕಲಿತಳು, ಬೆರಳು ದಡ್ಡುಗಟ್ಟಿತು, ಮಗ ಓಬ್ರಿ ಹುಟ್ಟಿದ. ಗಂಡಹೆಂಡಿರು ಕೆಲಸ ಮಾಡುತ್ತಾ ವೈಕೌಂಟರ ಕಥೆ ಹೇಳಿಕೊಂಡು ನಗುತ್ತಿದ್ದರು. ಬಾತುಕೋಳಿ ಕಾಲಿನ ಕಥೆ ಬಂದರೆ ಜೊಬೇರ್ ಎದ್ದು ನಿಂತು ಟೋಪಿ ತೆಗೆಯುತ್ತಿದ್ದ.

ನಮ್ಮ ಶಾಂಪೇನ್ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಮೇಲುಕುಲದ ಹೆಣ್ಣು ಕೀಳುಕುಲದವನನ್ನು ಮದುವೆಯಾದರೆ ಅವಳ ಕುಲ ಹೋಗುತ್ತದೆ, ಆದರೆ ಗಂಡ ಇರುವವರೆಗೆ ಮಾತ್ರ. ಅವನು ಸತ್ತ ಮೇಲೆ ವಿಧವೆ ಹೇಸರಗತ್ತೆಯ ತಡಿಯೊಂದನ್ನು ಬೆನ್ನ ಮೇಲೆ ಹೊತ್ತು ಅವನ ಗೋರಿಗೆ ಹೋಗಿ, ಊರವರ ಎದುರು ಆ ತಡಿಯಿಂದ ಗೋರಿಗೆ ಮೂರು ಏಟು ಹೊಡೆದು, "ಕೀಳುಕುಲದವನೇ, ನಿನ್ನ ಕೀಳುತನ ನೀನೇ ಇಟ್ಟುಕೋ, ನನ್ನ ಮೇಲುಕುಲ ನಾನು ತಗೋತೀನಿ" ಎಂದರೆ ಮುಗಿಯಿತು. ಅವನ ಜೊತೆ ಉಂಡದ್ದು, ಮಲಗಿದ್ದು, ಹೆತ್ತದ್ದು ಎಲ್ಲ ಹೊರೆಯಂತೆ ಕೆಳಗಿಳಿದು ಅವಳು ಮತ್ತೆ ದೊರೆಸಾನಿ. ದೊಡ್ಡವರು ಇಂಥದ್ದನ್ನೆಲ್ಲ ಬಲು ಚೆನ್ನಾಗಿ ಯೋಚಿಸಿಟ್ಟಿರುತ್ತಾರೆ. ಜೊಬೇರ್‌ಗೆ ಈ ಪದ್ಧತಿಯೆಂದರೆ ಎಲ್ಲಿಲ್ಲದ ಖುಷಿ.

"ಹೊಡೆಯೋದಾದ್ರೆ ಮೇಲಿನ ಬೀದಿಯೋನ ತಡಿ ತರಬೇಡ ಕಣೇ," ಅನ್ನುತ್ತಿದ್ದ. "ಮೂರನೇ ಏಟಿಗೆ ಹೊಲಿಗೆ ಬಿಟ್ಕೊಂಡು ಹುಲ್ಲೆಲ್ಲ ನನ್ ಮೇಲೆ ಸುರಿಯುತ್ತೆ."

"ನಿನ್ನ ಬಾಯಿಗಿಷ್ಟು," ಎಂದು ಒಸಾನ್ ದಾರದುಂಡೆ ಎಸೆಯುತ್ತಿದ್ದಳು.

ಜೊಬೇರ್ ಒಂದು ಚಳಿಗಾಲದಲ್ಲಿ ಜ್ವರ ಬಂದು ಸತ್ತ. ಚರ್ಚಿನ ಹೊರಗೆ, ಸೂರಿನ ನೀರು ಬೀಳುವ ಕಡೆ, ಬಡವರಿಗೆ ಸಿಗುವ ಜಾಗದಲ್ಲಿ ಹೂತರು. ಮುಂದಿನ ಬೇಸಿಗೆಯಲ್ಲಿ ಒಸಾನ್‌ಳ ತಮ್ಮ, ಎರಾರ್ ದೊರೆಗಳು ತೀರಿಹೋದ ಮೇಲೆ ಏಳನೇ ವೈಕೌಂಟ್ ಆದವನು, ಕೊಕ್ಕರೆ ಬೇಟೆಗೆ ಹೋದವನು ಹಕ್ಕಿಯನ್ನೇ ನೋಡುತ್ತಾ ಕುದುರೆ ಓಡಿಸಿ ಜೌಗಿನಲ್ಲಿ ಹೂತುಹೋದ. ಕುದುರೆ ಬದುಕಿತು. ಈ ಸಲ ಬಾಲ ಕೈಗೆ ಸಿಗಲಿಲ್ಲವೆಂದು ಪೆತ್ರೊನಿಲ್ ಬೀದಿಯಲ್ಲೇ ನಿಂತು ಹೇಳಿದಳು. ಅವನಿಗೆ ಮಕ್ಕಳಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಸಾನ್‌ಳ ಅಂಗಡಿ ಮುಂದೆ ಒಂದು ಕೊಬ್ಬಿದ ಹೇಸರಗತ್ತೆ ನಿಂತಿತು, ಅದರ ಮೇಲಿಂದ ಅದಕ್ಕಿಂತ ಕೊಬ್ಬಿದ ಪಾದ್ರಿ ರೆನಿಯೆ ಇಳಿದರು. ಎರಾರ್ ದೊರೆಗಳ ಕಿರಿಯ ತಮ್ಮ, ಒಸಾನ್‌ಗೆ ಚಿಕ್ಕಪ್ಪ. ಪಾದ್ರಿಯಾದ್ದರಿಂದ ತಾವು ಪದವಿಗೆ ಏರುವಂತಿಲ್ಲ. ಆದರೆ ಕೋಟೆಯ ಅಡುಗೆಮನೆಗೆ ಹತ್ತಿರದ ಕೋಣೆಯಲ್ಲಿ ಜೀವಮಾನವೆಲ್ಲ ಉಂಡವರು, ಕೋಟೆ ಪರರ ಪಾಲಾದರೆ ಅವರ ಊಟವೂ ಹೋಗುತ್ತದೆ. ಸತ್ತ ಮಗಳ ಮನೆಗೆ ಅಷ್ಟು ವರ್ಷದ ಮೇಲೆ ಬಂದದ್ದು ಅದಕ್ಕೇ.

"ಒಸಾನ್, ಮಗಳೇ," ಎಂದು ಕೈಚಾಚಿದರು.

"ಯಾರನ್ನ ಮಾತಾಡಿಸ್ತಿದೀರಿ ಚಿಕ್ಕಪ್ಪ? ಒಸಾನ್‌ಗೆ ನೀವೇ ನಿಂತು ಪೂಜೆ ಮಾಡ್ಸಿದ್ರಲ್ಲ."

"ಅದು ಅಣ್ಣನ ಸಿಟ್ಟು. ದೇವರು ಕ್ಷಮಿಸಿರ್ತಾನೆ."

"ಮೇಣದಬತ್ತಿ ಚೆನ್ನಾಗಿ ಉರೀತಂತೆ. ಕೂತ್ಕೊಳ್ಳಿ. ಆ ಹುಲ್ಲಿನ ಮೇಲೆ ಬೇಡ, ಅದು ಒಳ್ಳೇ ಹುಲ್ಲು."

ರೆನಿಯೆ ನಿಂತೇ ಹೇಳಿದರು. ಚಳಿಗಾಲದ ಬಾಗಿಲಲ್ಲಿ ಬರುವ ಸಂತ ಮಾರ್ಟಿನನ ಹಬ್ಬದೊಳಗೆ ವಾರಸುದಾರರು ಮುಂದೆ ಬರದಿದ್ದರೆ ಕೋಟೆ, ಹೊಲ, ಪದವಿ ಎಲ್ಲ ಕೌಂಟ್ ದೊರೆಗೆ ಸೇರುತ್ತದೆ. ಒಸಾನ್ ತಡಿ ಹೊತ್ತು ಗೋರಿಗೆ ಮೂರು ಏಟು ಹೊಡೆದರೆ ಸಾಕು, ಅವಳೇ ವೈಕೌಂಟೆಸ್. ಈ ಸೀಮೆಯಲ್ಲಿ ಕುಲ ತಾಯಿ ಹೊಟ್ಟೆಯಿಂದಲೂ ಇಳಿಯುತ್ತದೆ, ಹಾಗಾಗಿ ಅವಳ ನಂತರ ಓಬ್ರಿ ಎಂಟನೇ ವೈಕೌಂಟ್.

"ಆಗಲ್ಲ," ಅಂದಳು ಒಸಾನ್, ದಬ್ಬಣದಿಂದ ಕಣ್ಣೆತ್ತದೆ.

ಆದರೆ ಮೂಲೆಯಲ್ಲಿ ಚರ್ಮ ನೆನೆಹಾಕುತ್ತಿದ್ದ ಓಬ್ರಿ ಕಣ್ಣೆತ್ತಿದ್ದ. ಮೀಸೆ ಬಂದ ಹುಡುಗ, ಕೈಯಲ್ಲಿ ಅಪ್ಪನ ಕಸುಬು ಚೆನ್ನಾಗಿಯೇ ಕೂತಿತ್ತು, ತಲೆಯಲ್ಲಿ ಕೂತಿರಲಿಲ್ಲ. ಚರ್ಮದ ವಾಸನೆ ಹೋಗಲೆಂದು ಭಾನುವಾರ ಪುದೀನ ತಿಕ್ಕಿಕೊಂಡು ಚರ್ಚಿಗೆ ಹೋಗುವವನು. ಅವತ್ತಿನಿಂದ ಅವನು ಸಂಜೆಯಾದರೆ ಕೋಟೆಗೆ ನಡೆದ. ರೆನಿಯೆ ಅವನಿಗೆ ಹಾವುಮೀನು ಬಡಿಸಿದರು, ವಂಶಾವಳಿ ಉಣಿಸಿದರು.

ಒಂದು ದಿನ ಹುಲ್ಲು ತುಂಬುತ್ತಾ ಅವನೇ ಶುರುಮಾಡಿದ. "ಗೊತಿಯೆಯ ಮಗ ಗೊತಿಯೆ, ಅವನ ಮಗ ಮಿಲೋಂ..."

ಒಸಾನ್ ಕೈಯಲ್ಲಿದ್ದ ದಬ್ಬಣ ಅಲ್ಲೇ ನಿಂತಿತು. ಎರಾರ್ ದೊರೆಗಳ ದನಿಯೇ ಅದು, ಮೂಗಿನಿಂದ ಬರುವ ಅದೇ ರಾಗ.

"ಮಿಲೋಂ ಎಲ್ಲಿಗ್ ಹೋಗಿದ್ದ ಗೊತ್ತಾ?" ಅಂದಳು.

"ಜೆರುಸಲೇಮಿಗೆ. ಏಣಿ ಹತ್ತಿ ಮೊದಲು ಕೋಟೆಗೋಡೆ ಮೇಲೆ ಕಾಲಿಟ್ಟೋರು ಅವರೇ."

"ಅವನು ಹತ್ತಿದ್ದು ಹೆಂಡದಂಗಡಿ ಏಣಿ ಕಣೋ. ನಿಮ್ಮಪ್ಪ ಬದುಕಿದ್ದಾಗ ಈ ಕಥೆಗೆ ಎಷ್ಟು ನಗ್ತಿದ್ದೆ ನೀನು!"

"ನಗ್ತಿದ್ದೆ. ಚಿಕ್ಕೋನಿದ್ದೆ." ಅವನ ಮುಖ ಕೆಂಪಾಗಿತ್ತು. "ನೀನಮ್ಮ, ಕೋಟೇಲಿ ಹುಟ್ಟಿ, ಬೇಕು ಅಂತ ಇಲ್ಲಿಗ್ ಬಂದೆ. ಬೇಡ ಅನ್ನೋದು ನಿಂಗೆ ಸುಲಭ. ನಂಗ್ಯಾರು ಕೇಳಿದ್ರು? ಮೇಳಕ್ಕೆ ಬಂದ ವ್ಯಾಪಾರಿ ಮಗ ನನ್ನ ನೋಡಿ ಮೂಗು ಮುಚ್ಕೋತಾನೆ. ನಾನು ಸಾಯೋವರ್ಗೂ ಕತ್ತೆ ಬೆನ್ನು ಸವರ್ಕೊಂಡು ಕೂರ್ಬೇಕಾ?"

ಹುಡುಗ ಹೇಳಿದ್ದರಲ್ಲಿ ತನ್ನನ್ನು ಯಾರೂ ಕೇಳಲಿಲ್ಲ ಅನ್ನುವ ಮಾತು ಸರಿಯಾಗಿತ್ತು, ಅದು ಒಸಾನ್‌ಳನ್ನು ಚುಚ್ಚಿತು. ಅವತ್ತಿನಿಂದ ಅವನು ಅವಳ ಜೊತೆ ಮಾತು ಬಿಟ್ಟ. ಎದುರು ಕೂತು ಉಣ್ಣುತ್ತಿದ್ದ, ಉಂಡ ತಟ್ಟೆ ನೂಕಿ ಹೋಗುತ್ತಿದ್ದ. ಇದ್ದವನು ಒಬ್ಬ ಮಗ. ಅವನೂ ಮುಖ ತಿರುಗಿಸಿದರೆ ಈ ಅಂಗಡಿ ಯಾರಿಗೆ, ಈ ಹಟ ಯಾರಿಗೆ ಎಂದು ಒಸಾನ್ ಒಳಗೊಳಗೇ ಬೆಂದಳು. ಗೋರಿಗೆ ನೋವಾಗುತ್ತದೆಯೇ? ಜೊಬೇರ್ ಇದ್ದಿದ್ದರೆ, ಹೊಡೆದು ಬಿಡು ಮಾರಾಯ್ತಿ, ಹುಡುಗ ನಗಲಿ ಅನ್ನುತ್ತಿದ್ದನೇನೋ.

ಪೆತ್ರೊನಿಲ್‌ಗೆ ಹೇಳಿದಾಗ ಅವಳು ಕೆಂಡವಾದಳು. "ತಲೆ ಕೆಟ್ಟಿದ್ಯೇನೇ? ಆ ಬಾಲ ಹಿಡಿದೋನ ಸಂತಾನಕ್ಕೋಸ್ಕರ ಜೊಬೇರ್‌ಗೆ ಹೊಡೀತೀಯಾ?"

"ಜೊಬೇರ್‌ನ ಮಗನಿಗೋಸ್ಕರ."

"ಅವನು ಜೊಬೇರ್‌ನ ಮಗನಾಗಿದ್ರೆ ಕೇಳ್ತಿರ್ಲಿಲ್ಲ," ಅಂದಳು ಪೆತ್ರೊನಿಲ್. ಆ ಮಾತಿಗೆ ಒಸಾನ್ ಅವಳ ಜೊತೆ ಜಗಳವಾಡಿ ಮನೆಗೆ ಬಂದಳು, ಬಂದವಳು ಮಗನಿಗೆ, "ಆಗ್ಲಿ, ಹೊಡೀತೀನಿ," ಎಂದುಬಿಟ್ಟಳು. ಓಬ್ರಿ ಎದ್ದು ಬಂದು ಅಮ್ಮನನ್ನು ತಬ್ಬಿಕೊಂಡ. ಎಷ್ಟೋ ದಿನದ ಮೇಲೆ ಅವನ ನಗು ನೋಡಿ ಅವಳಿಗೆ ಮಾಡಿದ್ದೇ ಸರಿ ಅನ್ನಿಸಿತು.

ಸಂತ ಮಾರ್ಟಿನನ ಹಬ್ಬದ ಹಿಂದಿನ ದಿನ ಊರಿಗೆ ಊರೇ ಚರ್ಚಿನ ಬಯಲಿನಲ್ಲಿ ಸೇರಿತ್ತು. ಗೋರಿಗೆ ಬಡಿಯುವುದನ್ನು ನೋಡಬೇಕೆಂದು ಹಬ್ಬಕ್ಕೆ ಕೊಯ್ಯಬೇಕಿದ್ದ ಹಂದಿಗಳನ್ನು ಬಿಟ್ಟು ಬಂದಿದ್ದರು. ಕೌಂಟ್ ದೊರೆಯ ಅಧಿಕಾರಿ ಸಾಕ್ಷಿಗೆ ಬಂದು ತುಪ್ಪಳದ ಕಾಲರಿನಲ್ಲಿ ಮೂಗು ಹುದುಗಿಸಿ ನಿಂತಿದ್ದ. ರಾತ್ರಿಯೆಲ್ಲ ಮಳೆ ಬಿದ್ದು ನೆಲ ಕೊಚ್ಚೆಯಾಗಿತ್ತು. ಒಸಾನ್ ತಡಿಯನ್ನು ಬೆನ್ನಿಗೆ ಕಟ್ಟಿಸಿಕೊಂಡು ಬಗ್ಗಿ ನಡೆದಳು. ಅಂಗಡಿಯಲ್ಲಿದ್ದುದರಲ್ಲಿ ಜೊಬೇರ್ ಹೊಲಿದ ಕೊನೆಯ ತಡಿ ಅದು. ಭಾರ ಇತ್ತು. ಜನ ದಾರಿ ಬಿಟ್ಟರು, ಯಾರೂ ನಗಲಿಲ್ಲ.

ಗೋರಿಯ ಹತ್ತಿರ ಬಂದು ತಲೆಯೆತ್ತಿದಳು. ಎದುರಿಗೆ ಓಬ್ರಿ ನಿಂತಿದ್ದ. ಜೌಗಿನಲ್ಲಿ ಸತ್ತ ಮಾವನ ಕಸೂತಿ ಅಂಗಿ ತೊಟ್ಟಿದ್ದ, ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು. ಕಾಲಿಗೆ ರೆನಿಯೆ ಕೊಡಿಸಿದ ಹೊಸ ಕೆಂಪು ಜೋಡು. ಸುತ್ತಲೂ ಕೆಸರು. ಗೋರಿಯ ದಿಬ್ಬ ಒಂದೇ ಸ್ವಲ್ಪ ಎತ್ತರ, ಹುಲ್ಲು ಬೆಳೆದು ಕೆಸರಾಗಿರಲಿಲ್ಲ. ಜೋಡು ಕೆಡಬಾರದೆಂದು ಅವನು ಅದರ ಮೇಲೆ ಹತ್ತಿ ನಿಂತಿದ್ದ. ಅಪ್ಪನ ಎದೆಯ ಮೇಲೆ ನಿಂತಿದ್ದೇನೆ ಅನ್ನುವ ಪರಿವೆಯೇ ಅವನಿಗಿರಲಿಲ್ಲ. ಕೊಚ್ಚೆಯಲ್ಲಿ ಒಂದು ಒಳ್ಳೆ ಜಾಗ ಸಿಕ್ಕಿತೆಂದು ನಿಂತವನ ಹಾಗೆ ಆರಾಮಾಗಿದ್ದ.

"ಇಳಿಯೋ," ಅಂದಳು ಒಸಾನ್.

"ಹೊಡಿ ಅಮ್ಮ, ಆಮೇಲ್ ಇಳೀತೀನಿ. ಈ ಕಡೆ ಜಾಗ ಇದೆಯಲ್ಲ."

ಒಸಾನ್ ಅವನನ್ನು ನೋಡಿದಳು. ಆಮೇಲೆ ತಿರುಗಿ, ತಡಿ ಹೊತ್ತುಕೊಂಡೇ, ಚರ್ಚಿನ ಬಾಗಿಲಿಗೆ ನಡೆದಳು. ಜನ ಗುಜುಗುಜು ಎನ್ನುತ್ತಾ ಹಿಂದೆ ಬಂದರು. ರೆನಿಯೆ, "ಎಲ್ಲಿಗೆ ಮಗಳೇ, ಗೋರಿ ಇಲ್ಲಿ, ಇಲ್ಲಿ!" ಎಂದು ಕೊಚ್ಚೆಯಲ್ಲಿ ಜಾರುತ್ತಾ ಓಡಿದರು.

ಒಳಗೆ ಕಲ್ಲಿನ ವೈಕೌಂಟರು ಸಾಲಾಗಿ ಮಲಗಿದ್ದರು. ಒಸಾನ್ ಮೊದಲನೆಯವನ ಹತ್ತಿರ ನಿಂತಳು. "ಇವ್ನು ಬಾಲ ಹಿಡಿದೋನು," ಅಂದಳು, ಊರಿಗೆಲ್ಲ ಕೇಳುವ ಹಾಗೆ. "ಇವ್ನು ಅಣ್ಣನ್ನ ಬಾವಿಗ್ ನೂಕ್ದೋನು. ಇವ್ನು ಬಾತುಕೋಳಿ ಮೂಳೆಗೆ ನಿಮ್ಮ ಕೈಲಿ ಮುತ್ತು ಹಾಕ್ಸಿದೋನು. ಇವ್ನು ಮೀನು ತಿಂದು ಸತ್ತೋನು." ಹಿಂದೆ ಯಾರೋ ಕಿಸಕ್ಕೆಂದರು, ನಗು ಹಬ್ಬಿತು, ಅಧಿಕಾರಿಯ ತುಪ್ಪಳ ಕೂಡ ಅಲುಗಾಡಿತು. ಅಪ್ಪನ ಕಲ್ಲಿನ ಮುಂದೆ ಅವಳು ತಡಿ ಇಳಿಸಿ ಎರಡು ಕೈಯಲ್ಲೂ ಎತ್ತಿ ಬಡಿದಳು. ಒಂದು, ಎರಡು, ಮೂರು. ಮೂರನೆಯದಕ್ಕೆ ಎರಾರ್ ದೊರೆಗಳ ಕಲ್ಲಿನ ಮೂಗು ಹಾರಿ ಸಿಂಹದ ಹತ್ತಿರ ಬಿತ್ತು.

"ಮೇಲುಕುಲದವನೇ," ಅಂದಳು, "ನಿನ್ನ ಮೇಲುತನ ನೀನೇ ಇಟ್ಕೋ. ನನ್ನ ಕೀಳುಕುಲ ನಾನು ತಗೋತೀನಿ."

ಚರ್ಚಿಗೆ ಚರ್ಚೇ ಗಂಟೆ ಹೊಡೆದಷ್ಟು ಜೋರಾಗಿ ನಕ್ಕಿತು. ಪೆತ್ರೊನಿಲ್ ಕಣ್ಣೊರೆಸಿಕೊಳ್ಳುತ್ತಾ ಬಂದು ಗೆಳತಿಯ ತೋಳು ಹಿಡಿದಳು. ಅಧಿಕಾರಿ, ವಾರಸುದಾರರಿಲ್ಲ, ಕೋಟೆ ಕೌಂಟ್ ದೊರೆಯದು ಎಂದು ಹೇಳಿ, ಹಂದಿಮಾಂಸ ಎಲ್ಲಿ ಸಿಗುತ್ತದೆಂದು ವಿಚಾರಿಸಿದ. ರೆನಿಯೆ ಒಂದು ಬೆಂಚಿನ ಮೇಲೆ ಕುಸಿದರು. ಒಸಾನ್‌ಗೆ ಬೆನ್ನೂ ಹಗುರ, ಮನಸ್ಸೂ ಹಗುರ. ತನ್ನ ಬಗ್ಗೆ ತನಗೇ ಹೆಮ್ಮೆಯಾಗಿ ಅವಳೂ ನಗುತ್ತಿದ್ದಳು.

ಓಬ್ರಿ ಬಾಗಿಲಲ್ಲಿದ್ದ. ಜನ ಈಗ ಅವನ ಉದ್ದ ತೋಳಿನ ಅಂಗಿ ನೋಡಿ ನಗುತ್ತಿದ್ದರು. ಅವನು ಗುಂಪನ್ನು ಸೀಳಿಕೊಂಡು ಬಂದ, ನೆಲದ ಮೇಲಿದ್ದ ತಡಿ ಎತ್ತಿಕೊಂಡ, ಹೊರಗೆ ಓಡಿದ. ಒಸಾನ್ ಹಿಂದೆ ಓಡಿದಳು. ಅವಳು ಬಯಲಿಗೆ ಬರುವಷ್ಟರಲ್ಲಿ ಮೊದಲ ಏಟು ಬಿದ್ದಿತ್ತು.

"ಕೀಳುಕುಲದವನೇ!" ಎಂದು ಕಿರುಚುತ್ತಾ ಮಗ ಅಪ್ಪನ ಗೋರಿಗೆ ಬಡಿಯುತ್ತಿದ್ದ. "ನಿನ್ನ ಕೀಳುತನ ನೀನೇ ಇಟ್ಕೋ! ನಂಗ್ ಬೇಡ! ನಂಗ್ ಬೇಡ!" ಕೆಸರು ಸಿಡಿದು ಕಸೂತಿಗೆಲ್ಲ ಹತ್ತಿತು. ಮೂರು ಏಟು ಮುಗಿದರೂ ನಿಲ್ಲಿಸಲಿಲ್ಲ, ಹುಲ್ಲು ಕಿತ್ತುಬಂದು ಮಣ್ಣು ಕಾಣುವವರೆಗೂ ಹೊಡೆದ.

ಆ ಪದ್ಧತಿ ವಿಧವೆಗೆ ಮಾತ್ರ. ಮಗ ಹೊಡೆದರೆ ಮೂರು ಕಾಸಿಗೂ ಬೆಲೆಯಿಲ್ಲವೆಂದು ಊರಿನ ಕೂಸಿಗೂ ಗೊತ್ತು. "ಅಯ್ಯೋ, ಇವ್ನ್ ಯಾವಾಗ ಜೊಬೇರ್ ಹೆಂಡ್ತಿಯಾದ?" ಎಂದು ಯಾರೋ ಕೂಗಿದರು. ನಗೆಗೆ ಚರ್ಚಿನ ಮೇಲಿನ ಕಾಗೆಗಳೆದ್ದವು.

ಒಸಾನ್ ನಗಲಿಲ್ಲ. ಊರನ್ನು ನಗಿಸಿ ಈ ಹುಡುಗನ ಮೇಲೆ ಬಿಟ್ಟವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಗಂಡನ ಗೋರಿಗೆ ತನ್ನ ಕೈಯಿಂದ ಬೀಳಬೇಕಿದ್ದ ಏಟನ್ನು ತಪ್ಪಿಸಿದ್ದಳು, ಇವನ ಕೈಯನ್ನು ಹಿಡಿಯಲು ಆಗಿರಲಿಲ್ಲ. ಅವನ ಮುಖ ನೋಡಿದಳು. ಉಬ್ಬಿದ ಮೂಗು, ಕೆಂಪೇರಿದ ಕಿವಿ, ತಾನು ಮಾಡಿದ್ದಕ್ಕೆ ಇನ್ಯಾರನ್ನೋ ದೂರುವ ಆ ಕಣ್ಣು. ಇಂಥ ಮುಖಗಳನ್ನು ಅವಳು ಈಗಷ್ಟೇ ಒಳಗೆ ಕಲ್ಲಿನಲ್ಲಿ ನೋಡಿ ಬಂದಿದ್ದಳು. ಜೊಬೇರ್‌ನದೆಂದು ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ.

ರೆನಿಯೆ ಏದುಸಿರು ಬಿಡುತ್ತಾ ಪಕ್ಕಕ್ಕೆ ಬಂದು ನಿಂತರು.

"ತಗೊಳ್ಳಿ ಚಿಕ್ಕಪ್ಪ, ನಿಮ್ಮ ಎಂಟನೆಯವ್ನು," ಅಂದಳು ಒಸಾನ್. "ಹುಡುಕ್ತಿದ್ರಲ್ಲ, ಇಲ್ಲೇ ಇದಾನೆ. ಪದವಿ ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ. ಕರ್ಕೊಂಡ್ ಹೋಗಿ."

ಓಬ್ರಿ ತಡಿ ಬಿಸಾಕಿ ಅಮ್ಮನನ್ನು ಒಂದು ಸಲ ನೋಡಿದ. ಅವಳು ಏನಾದರೂ ಅನ್ನುತ್ತಾಳೆಂದು ಕಾದಂತಿತ್ತು. ಅವಳು ಗೋರಿಯ ಕಡೆ ತಿರುಗಿದಳು. ಅವನು ಪಾದ್ರಿಯ ಹೇಸರಗತ್ತೆಯ ಹಗ್ಗ ಹಿಡಿದು ಅವರ ಜೊತೆ ಬಯಲು ದಾಟಿ ಹೋದ. ಕೋಟೆ ಅವರದಾಗಿ ಉಳಿದಿರಲಿಲ್ಲ, ಎಲ್ಲಿಗೆ ಹೋದರೋ ದೇವರಿಗೇ ಗೊತ್ತು.

ಜನ ಹಂದಿ ಕೊಯ್ಯಲು ಹೋದರು. ಒಸಾನ್ ಮಂಡಿಯೂರಿ, ಕಿತ್ತುಬಂದ ಹುಲ್ಲನ್ನು ಅದರ ಜಾಗಕ್ಕೆ ಇಟ್ಟು ಅಂಗೈಯಿಂದ ಒತ್ತಿದಳು. ಆಗ ಅವಳಿಗೆ ಅಳು ಬಂತು. ಜೊಬೇರ್‌ನನ್ನು ಇಲ್ಲಿ ಹೂತ ದಿನಕ್ಕಿಂತ ಹೆಚ್ಚು ಅತ್ತಳು. ಅವತ್ತು ಇಲ್ಲಿಂದ ಮನೆಗೆ ಹೋಗುವಾಗ ಜೊತೆಗೆ ಮಗನಿದ್ದ.